ಕೊನೆಗೆ ಹತ್ತಿದವರು ಇಳಿಯಬೇಕು

ಮೇಲಪ್ಪ ಚಂದ್ರಲೋಕಕ್ಕೆ ಹೋಗಿ ಅರ್ಧ ದಾರಿ ವಾಪಸ್ಸೂ ಬಂದಿದ್ದ. ಇದು ಅವನೇ ಹಾಕಿದ ಲೆಕ್ಕ. ಎಂಟು ಮಹಡಿಯ ಆಫೀಸು ಕಟ್ಟಡ, ದಿನಕ್ಕೆ ಇಷ್ಟು ಸಲ ಮೇಲೆ, ಇಷ್ಟು ಸಲ ಕೆಳಗೆ, ಹೀಗೆ ಮೂವತ್ತೊಂದು ವರ್ಷ. ಅವನ ಲಿಫ್ಟು ಓಡಿದ ದೂರವನ್ನೆಲ್ಲ ಒಂದರ ತುದಿಗೆ ಒಂದು ಗಂಟು ಹಾಕಿದರೆ ಚಂದ್ರ ಸಿಕ್ಕೇ ಸಿಗಬೇಕು ಎಂದು ಅವನ ವಾದ. ಮೂರನೇ ಮಹಡಿಯ ಗುಮಾಸ್ತನೊಬ್ಬ ಕಾಗದ ಪೆನ್ಸಿಲು ಹಿಡಿದು ಕೂತು, "ಚಂದ್ರನ ಮಾತು ಬಿಡಿ, ನೀವಿನ್ನೂ ಭೂಮಿಯನ್ನೇ ಅರ್ಧ ಸುತ್ತಿಲ್ಲ" ಎಂದು ಸಾಧಿಸಿ ತೋರಿಸಿದ. ಆ ಗುಮಾಸ್ತನನ್ನು ಮೇಲಪ್ಪ ಒಂದು ವಾರ ನಾಲ್ಕನೇ ಮಹಡಿಯಲ್ಲೇ ಇಳಿಸಿದ.

"ಚಂದ್ರನ ಹತ್ತಿರ ಹೋದವರು ಬರುವಾಗ ಒಂದು ಹಿಡಿ ಉಪ್ಪಾದರೂ ತರಬಾರದಿತ್ತಾ, ಮನೇಲಿ ಮುಗಿದಿತ್ತು" ಎಂದಳು ಹೆಂಡತಿ.

ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಬಾಗಿಲು ತೆರೆದಾಗಲೆಲ್ಲ "ಮೇಲಕ್ಕಾ?" ಎಂದು ಕೇಳುತ್ತಿದ್ದುದರಿಂದ ಜನ ಅವನನ್ನು ಮೇಲಪ್ಪ ಎಂದು ಕರೆದರು. ಎಂಟನೇ ಮಹಡಿಯಲ್ಲಿ ನಿಂತವರನ್ನೂ ಅವನು ಹಾಗೇ ಕೇಳುತ್ತಿದ್ದ. ಅಲ್ಲಿಂದ ಮೇಲೆ ನೀರಿನ ತೊಟ್ಟಿಯೂ ಪಾರಿವಾಳಗಳೂ ಬಿಟ್ಟರೆ ಏನೂ ಇರಲಿಲ್ಲ.

ಈ ಕೆಲಸಕ್ಕೆ ಅವನನ್ನು ತೆಗೆದುಕೊಂಡಾಗ ಕೇಳಿದ್ದು ಒಂದೇ ಪ್ರಶ್ನೆ: "ನಿನಗೆ ತಲೆ ಸುತ್ತುತ್ತಾ?" ಅವನು ಗೋಡೆ ಹಿಡಿದುಕೊಂಡು "ಇಲ್ಲ" ಎಂದಿದ್ದ. ಆ ಮೇಲೆ ಲಿಫ್ಟೇ ಅವನ ಮನೆ, ಮಠ, ಸಂಸ್ಥಾನ. ಮಡಚಿಕೊಳ್ಳುವ ಕಬ್ಬಿಣದ ಬಾಗಿಲು, ಉಜ್ಜಿ ಉಜ್ಜಿ ಸವೆದ ಹಿತ್ತಾಳೆಯ ಹಿಡಿ, ಮೂಲೆಯಲ್ಲಿ ಒಂದು ದುಂಡು ಮರದ ಸ್ಟೂಲು, ಅದರ ಮೇಲೆ ಹೆಂಡತಿ ಹಳೆಯ ಕೋಟಿನ ಬಟ್ಟೆಯಿಂದ ಹೊಲಿದುಕೊಟ್ಟ ಮೆತ್ತೆ. ಹಿಡಿಯನ್ನು ಬಲಕ್ಕೆ ತಿರುಗಿಸಿದರೆ ಲಿಫ್ಟು ಮೇಲೆ ಹೋಗುತ್ತದೆ, ಎಡಕ್ಕೆ ತಿರುಗಿಸಿದರೆ ಕೆಳಗೆ ಬರುತ್ತದೆ. ಅಷ್ಟೇ. ಆದರೆ ಈ ಗುಟ್ಟನ್ನು ಮೇಲಪ್ಪ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹಿಡಿ ಮುಟ್ಟುವ ಮೊದಲು ಕಣ್ಣು ಮುಚ್ಚುವನು, ಬೆರಳುಗಳನ್ನು ಒಂದೊಂದಾಗಿ ಮಡಚುವನು, ಉಸಿರು ಬಿಗಿ ಹಿಡಿಯುವನು. "ಮಣಿಕಟ್ಟಿನಲ್ಲಿ ಒಂದು ಹದ ಇದೆ. ಅದು ತಪ್ಪಿದರೆ ಎಲ್ಲರೂ ನೆಲಮಾಳಿಗೆಗೆ" ಎಂದು ಅವನು ಹೇಳಿ ಹೇಳಿ ಕಟ್ಟಡದ ಅರ್ಧ ಜನ ನಂಬಿದ್ದರು. ಹೆಚ್ಚಾಗಿ ನಂಬಿದವನು ಅವನೇ.

ಲಿಫ್ಟು ಆರು ಜನರದು, ಅವನೂ ಸೇರಿ. ಏಳನೆಯವರು ಬಂದರೆ ಅವನದೊಂದು ಕಾನೂನಿತ್ತು: ಕೊನೆಗೆ ಹತ್ತಿದವರು ಇಳಿಯಬೇಕು. ಅವನು ಹೊರಗೆ ನಿಂತು, ಬಾಗಿಲು ಹಿಡಿದು, ತಲೆ ಎಣಿಸುವನು. ಎಣಿಕೆ ಹೆಚ್ಚಾದರೆ ಕೊನೆಗೆ ಒಳ ಹೋದವರ ಕಡೆ ಬೆರಳು ತೋರಿಸುವನು. ವಕೀಲರನ್ನು ಇಳಿಸಿದ್ದ, ಪೊಲೀಸರನ್ನು ಇಳಿಸಿದ್ದ, ಒಮ್ಮೆ ತನ್ನ ಭಾವನನ್ನೇ ಇಳಿಸಿ ಎರಡು ವರ್ಷ ಆ ಮನೆಯ ಬಾಗಿಲು ತುಳಿಯದಂತಾಗಿದ್ದ. ಎಲ್ಲ ಸರಿಯಾದ ಮೇಲೆ ತಾನು ಒಳಗೆ ಬಂದು, ಬಾಗಿಲನ್ನು ಗಡಗಡ ಎಳೆದು, ಸ್ಟೂಲಿನ ಮೇಲೆ ಪಟ್ಟಾಭಿಷೇಕವಾದವನಂತೆ ಕೂರುವನು.

ಇಂಥ ಮನುಷ್ಯ ಭಾನುವಾರಗಳಲ್ಲಿ ಯೇಸುವಿನ ಮಹಾ ಶಿಷ್ಯನಾಗುತ್ತಿದ್ದ.

ಅವನ ಕುಟುಂಬ ಹೋಗುತ್ತಿದ್ದ ದೇವಾಲಯ ಎರಡು ಬೀದಿ ಆಚೆ, ಹದಿನಾರು ಬೆಂಚಿನದು. ಮೇಲಪ್ಪನದು ಮುಂದಿನಿಂದ ಮೂರನೆಯದು, ಫ್ಯಾನಿನ ಕೆಳಗೆ. "ಎಲ್ಲವನ್ನೂ ಬಿಟ್ಟು ಆತನ ಹಿಂದೆ ಹೋಗುವವರು ಯಾರಿದ್ದೀರಿ?" ಎಂದು ಪಾದ್ರಿಗಳು ಕೇಳಿದರೆ ಸಾಕು, ಮಾತು ಮುಗಿಯುವ ಮೊದಲೇ ಅವನ ಕೈ ಮೇಲೆ. ಒಮ್ಮೆ ಕೈ ಫ್ಯಾನಿಗೆ ತಾಗಿ ಉಗುರು ಹೋಯಿತು. ಅದನ್ನೂ ಅವನು ಧರ್ಮಕ್ಕಾಗಿ ಪಟ್ಟ ಹಿಂಸೆಯ ಪಟ್ಟಿಗೆ ಸೇರಿಸಿಕೊಂಡ. ಆ ಪಟ್ಟಿಯಲ್ಲಿ ಇದ್ದದ್ದು ಅದೊಂದೇ.

ಯೇಸುವಿನ ಬಳಿಗೆ ಬಂದು, ಇರುವುದನ್ನೆಲ್ಲ ಕೊಟ್ಟು ಬಾ ಎಂದಾಗ ಮುಖ ಸಪ್ಪಗೆ ಮಾಡಿಕೊಂಡು ಹೋದ ಶ್ರೀಮಂತ ಯುವಕನ ಕಥೆ ಬಂದಾಗಲೆಲ್ಲ ಮೇಲಪ್ಪನಿಗೆ ಅಸಾಧ್ಯ ಸಿಟ್ಟು. ಪೆದ್ದು ಮುಂಡೇದು, ನಾನಾಗಿದ್ದರೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಟುಬಿಡುತ್ತಿದ್ದೆ ಎಂದುಕೊಳ್ಳುವನು. ಸಿಂಹದ ಬಾಯಿಗೆ ತಲೆ ಕೊಡುವ, ಬೆಂಕಿಯಲ್ಲಿ ನಿಂತು ಹಾಡುವ ಕನಸು ಅವನಿಗೆ ಪಾದ್ರಿಗಳ ಪ್ರಸಂಗದ ಮಧ್ಯೆ ಬೀಳುತ್ತಿತ್ತು, ಗೊರಕೆಯ ಸಮೇತ. ದೇವರ ರಾಜ್ಯ ಎಲ್ಲಿದೆ ಎಂಬುದರಲ್ಲೂ ಅವನಿಗೆ ಅನುಮಾನವಿರಲಿಲ್ಲ. ಮೇಲಿದೆ. ಎಂಟನೇ ಮಹಡಿಗಿಂತ ಬಹಳ ಮೇಲೆ. ಅಲ್ಲೊಂದು ಬಾಗಿಲು ಇರಲೇಬೇಕು, ಬಾಗಿಲಿದ್ದ ಮೇಲೆ ತಲೆ ಎಣಿಸಲು ಅನುಭವಸ್ಥನೊಬ್ಬ ಬೇಕಾಗುತ್ತಾನೆ ಎಂಬ ಸಣ್ಣ ಆಸೆಯೂ ಇತ್ತು.

ಮನೆಗೆ ಬಂದ ಮೇಲೆ ಹೆಂಡತಿ ಕೇಳುವಳು, "ಇವತ್ತೂ ಕೈ ಎತ್ತಿದ್ರಾ?"

"ಎತ್ತಿದೆ ಕಣೇ."

"ಕರೆದ್ರೆ ಹೋಗ್ತೀರಾ?"

"ನಿಂತ ಕಾಲಲ್ಲೇ."

"ಹಾಗಾದ್ರೆ ಹೋಗೋ ದಾರೀಲಿ ಈ ಕಸದ ಡಬ್ಬ ಖಾಲಿ ಮಾಡ್ಬಿಡಿ."

ಡಬ್ಬ ಸಂಜೆಯವರೆಗೂ ಅಲ್ಲೇ ಇರುತ್ತಿತ್ತು.

ಅದೇ ದೇವಾಲಯದ ಕೊನೆಯ ಬೆಂಚಿನಲ್ಲಿ ಅಕ್ಕ ಕೂರುತ್ತಿದ್ದಳು. ಆಫೀಸಿನಲ್ಲಿ ಎಂಟೂ ಮಹಡಿಯ ನೆಲ ಒರೆಸುವವಳು ಅವಳು. ಕಟ್ಟಡದವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು, ಮೇಲಪ್ಪ ಒಬ್ಬನನ್ನು ಬಿಟ್ಟು. ಅವನು "ಏನಮ್ಮ" ಎನ್ನುತ್ತಿದ್ದ. ಐವತ್ತೆಂಟು ದಾಟಿದ ಅವಳ ಮಂಡಿಗಳು ಮೆಟ್ಟಿಲು ಹತ್ತುವಾಗ ಎಂಥ ಸದ್ದು ಮಾಡುತ್ತಿದ್ದವೆಂದರೆ, ಐದನೇ ಮಹಡಿಯಲ್ಲಿ ಅವಳು ಒಂದು ಹೆಜ್ಜೆ ಇಟ್ಟರೆ ನೆಲಮಾಳಿಗೆಯಲ್ಲಿ ಮಲಗಿದ್ದ ಬೆಕ್ಕು ಎದ್ದು ಕೂರುತ್ತಿತ್ತು. ಬೆಳಗಿನ ಹೊತ್ತು ಮೇಲಿನ ನಲ್ಲಿಗಳಲ್ಲಿ ನೀರು ಬರುತ್ತಿರಲಿಲ್ಲ. ಕಟ್ಟಡದ ಹಿಂದಿನ ನಲ್ಲಿಯಲ್ಲಿ ಎರಡು ಬಕೆಟ್ಟು ತುಂಬಿಸಿ, ಮೆಟ್ಟಿಲು ಹತ್ತಿಯೇ ಒಯ್ಯಬೇಕು. ಯಾಕೆಂದರೆ ಲಿಫ್ಟಿನೊಳಗೆ ತಗಡಿನ ಫಲಕವೊಂದಿತ್ತು: "ಬಕೆಟ್ಟು, ಪೊರಕೆ, ಒರೆಸುವ ಬಟ್ಟೆಗಳನ್ನು ಒಳಗೆ ತರಕೂಡದು."

ಆ ಫಲಕದ ಚರಿತ್ರೆ ಗೊತ್ತಿದ್ದದ್ದು ಒಬ್ಬನಿಗೇ. ಹತ್ತೊಂಬತ್ತು ವರ್ಷದ ಹಿಂದೆ, ಅಕ್ಕ ಕೆಲಸಕ್ಕೆ ಹೊಸದಾಗಿ ಸೇರಿದ್ದಾಗ, ಅವಳ ಬಕೆಟ್ಟಿನಿಂದ ಒಂದು ಬೊಗಸೆ ನೀರು ತುಳುಕಿ ಮೇಲಪ್ಪನ ಹೊಸ ಬೂಟಿನ ಮೇಲೆ ಬಿದ್ದಿತ್ತು. ಅವನು ಅಂದಿನ ಮ್ಯಾನೇಜರಿಗೆ ನಾಲ್ಕು ಪುಟದ ಅರ್ಜಿ ಬರೆದ. ಅದರಲ್ಲಿ ಪ್ರವಾಹ, ಪ್ರಾಣಾಪಾಯ, ಸಂಸ್ಥೆಯ ಗೌರವ ಎಲ್ಲ ಬಂದಿದ್ದವು. ಬೂಟಿನ ಮಾತು ಬಂದಿರಲಿಲ್ಲ. ಮುಂದಿನ ವಾರ ಫಲಕ ಬಂತು. ಆಮೇಲೆ ಅದನ್ನು ಕಂಪನಿಯ ಕಾನೂನು ಎಂದು ಎಲ್ಲರಿಗೂ ತೋರಿಸಿದ. ಕೆಲವು ವರ್ಷ ಕಳೆದ ಮೇಲೆ ಅವನಿಗೂ ಹಾಗೇ ಅನ್ನಿಸಿತು.

ಈ ನೆಮ್ಮದಿ ಕೆಟ್ಟದ್ದು ಹೊಸ ಮ್ಯಾನೇಜರ್ ಬಂದ ಮೇಲೆ. ಅವರು ಕೈಗಡಿಯಾರವನ್ನು ಕಣ್ಣಿಗಿಂತ ಹೆಚ್ಚು ನಂಬುವವರು. ಅಕ್ಕ ಎಂಟನೇ ಮಹಡಿಗೆ ತಡವಾಗಿ ಬರುತ್ತಾಳೆ ಎಂದು ಎರಡು ಸಲ ಪುಸ್ತಕದಲ್ಲಿ ಬರೆದಿದ್ದರು. ಬರುವ ಶುಕ್ರವಾರ ದೊಡ್ಡ ಸಾಹೇಬರು ಅತಿಥಿಗಳೊಡನೆ ಬರುವುದಿತ್ತು. ಅವತ್ತು ಒಂಬತ್ತೂವರೆಗೆ ಸರಿಯಾಗಿ ಬಕೆಟ್ಟು ಸಮೇತ ಎಂಟನೇ ಮಹಡಿಯಲ್ಲಿ ಇರದಿದ್ದರೆ, ಶನಿವಾರದಿಂದ ಬರುವುದೇ ಬೇಡ ಎಂದು ಅವಳಿಗೆ ಹೇಳಿಬಿಟ್ಟರು. ಬೇಗ ಹೊರಡೋಣವೆಂದರೆ ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ಅವನಿಗೆ ಮೈ ಒರೆಸಿ, ಉಣಿಸಿ, ಮಗ್ಗುಲು ಬದಲಿಸಿ ಬರುವಷ್ಟರಲ್ಲಿ ಅವಳಿಗೆ ಒಂಬತ್ತು.

ಆ ಶುಕ್ರವಾರಕ್ಕೆ ಇನ್ನೂ ಆರು ದಿನವಿರುವಾಗ, ಶನಿವಾರ, ಅವಳು ಲಿಫ್ಟಿನ ಮುಂದೆ ಬಂದು ನಿಂತಳು.

"ಅಣ್ಣ, ಶುಕ್ರವಾರ ಬೆಳಿಗ್ಗೆ ಒಂದೇ ಒಂದ್ಸಲ ಮೇಲೆ ಬಿಡ್ತೀರಾ? ಬಕೆಟ್ಟು ಪೂರ್ತಿ ತುಂಬ್ಸಲ್ಲ. ತುಳುಕಲ್ಲ."

"ನನ್ನ ಕೈಲೇನಿದೆಯಮ್ಮ. ರೂಲ್ಸು. ನೋಡು, ಬರೆದು ಹಾಕಿದ್ದಾರೆ."

ಅವಳು ಫಲಕವನ್ನು ನೋಡಿದಳು. "ಯಾರು ಬರೆದ್ರೋ ಏನೋ, ಪಾಪ. ಅವರ ಮಂಡಿ ಚೆನ್ನಾಗಿರಲಿ" ಎಂದಳು. ಚುಚ್ಚುವ ಉದ್ದೇಶ ಅವಳಿಗಿರಲಿಲ್ಲ, ಮನಸ್ಸಾರೆ ಹರಸಿದ್ದಳು. ಮೇಲಪ್ಪನಿಗೆ ಮಾತ್ರ ಅವತ್ತು ಸಂಜೆಯವರೆಗೂ ಎರಡು ಮಂಡಿಯಲ್ಲೂ ಏನೋ ಹರಿದಾಡಿದಂತಾಯಿತು.

ಮರುದಿನ ಭಾನುವಾರ ಪಾದ್ರಿಗಳು ಎಂದಿನಂತೆ ಕೇಳಲಿಲ್ಲ. "ಈ ವಾರ ಯಾರೂ ಕೈ ಎತ್ತಬೇಡಿ" ಎಂದರು. ಅರ್ಧ ಎದ್ದಿದ್ದ ಕೈಯನ್ನು ಮೇಲಪ್ಪ ತಲೆ ಕೆರೆಯಲು ಬಳಸಿಕೊಂಡ. "ದೇವರ ರಾಜ್ಯ ಎಲ್ಲೋ ದೂರ ಇದೆ ಅಂತ ಆಕಾಶ ನೋಡ್ಕೊಂಡು ಕೂತಿದ್ದೀವಿ. ಅದು ನಮ್ಮ ಬಾಗಿಲ ಹೊರಗೇ ಬಂದು ನಿಂತಿರಬಹುದು. ಯಾರ ಮುಖದ ಮೇಲೆ ಬಾಗಿಲು ಹಾಕಿದ್ದೀವಿ ಅಂತ ಈ ವಾರ ಒಬ್ಬೊಬ್ಬರೂ ಯೋಚನೆ ಮಾಡಿ. ಹಿಂಬಾಲಿಸೋದು ಅಲ್ಲಿಂದ ಶುರು."

ಬಹಳ ಒಳ್ಳೆಯ ಮಾತು, ಮುಂದಿನ ಬೆಂಚಿನ ಔಷಧಿ ಅಂಗಡಿಯವನಿಗೆ ಸರಿಯಾಗಿ ತಗಲುವಂಥದ್ದು ಎಂದು ಮೇಲಪ್ಪ ತಲೆದೂಗಿದ. ಅಷ್ಟರಲ್ಲಿ ಹೆಂಡತಿಯ ಮೊಣಕೈ ಅವನ ಪಕ್ಕೆಗೆ ತಾಗಿತು.

"ರೀ, ನಿಮ್ಮ ಆಫೀಸಿನ ವಿಷಯ ಅಯ್ಯನವರಿಗೆ ಯಾರು ಹೇಳಿದ್ರು?"

ಮೇಲಪ್ಪನ ಬೆನ್ನ ಹಿಂದೆ, ಹದಿಮೂರು ಬೆಂಚು ಆಚೆ, ಯಾರೋ ಮೊಣಕಾಲೂರಿದ ಸದ್ದಾಯಿತು. ಹಿಂದೆ ತಿರುಗಿ ನೋಡುವ ಅಗತ್ಯವಿರಲಿಲ್ಲ. ಹತ್ತೊಂಬತ್ತು ವರ್ಷ, ದಿನಕ್ಕೊಂದು ಸಲವಾದರೂ ಆ ಮುಖದ ಎದುರಿಗೆ ಅವನು ಕಬ್ಬಿಣದ ಬಾಗಿಲು ಎಳೆದಿದ್ದ. ಇಡೀ ಊರಿನಲ್ಲಿ ಬಾಗಿಲು ಹಾಕುವುದಕ್ಕೇ ಸಂಬಳ ಪಡೆಯುವವನು ತಾನೊಬ್ಬನೇ ಎಂಬುದು ಅವನಿಗೆ ಆಗ ಹೊಳೆಯಿತು.

ಆರಾಧನೆ ಮುಗಿದ ಮೇಲೆ ಅವನು ಪಾದ್ರಿಗಳ ಮನೆಯ ಹಿತ್ತಲಿಗೆ ಹೋದ. ಅವರು ಸೈಕಲ್ಲು ಬೋರಲು ಹಾಕಿಕೊಂಡು ಪಂಕ್ಚರ್ ಹುಡುಕುತ್ತಿದ್ದರು.

"ಅಯ್ಯನವರೇ, ನನ್ನನ್ನು ಎಲ್ಲಾದರೂ ದೂರ ಕಳಿಸಿಬಿಡಿ. ಯಾವುದಾದರೂ ದ್ವೀಪ ಇದ್ದರೂ ಆದೀತು. ಮೊಸಳೆ ಇದ್ದರೂ ಪರವಾಗಿಲ್ಲ."

"ಮೊಸಳೆಗೆ ಹೆದರಲ್ವಾ ನೀವು?"

"ಇಲ್ಲ."

"ಮತ್ತೆ ಯಾರಿಗೆ ಹೆದರ್ತೀರಿ?"

ಮೇಲಪ್ಪ ಬೋಗುಣಿಯ ನೀರಿನಲ್ಲಿ ಟ್ಯೂಬಿನಿಂದ ಏಳುವ ಗುಳ್ಳೆಯತ್ತ ಬೆರಳು ತೋರಿಸಿದ. "ಮ್ಯಾನೇಜರಿಗೆ" ಎಂದ.

"ಹಾಗಾದ್ರೆ ನಿಮ್ಮ ದ್ವೀಪ ಅಲ್ಲೇ ಇದೆ" ಎಂದು ಪಾದ್ರಿಗಳು ಸಿಕ್ಕಿದ ತೂತಿನ ಮೇಲೆ ಹೆಬ್ಬೆರಳು ಒತ್ತಿದರು. "ಇದನ್ನು ಒಂದು ನಿಮಿಷ ಹಿಡ್ಕೊಳ್ಳಿ."

ಆ ವಾರ ಮೇಲಪ್ಪ ಪಟ್ಟ ಪಾಡು ದೇವರಿಗೇ ಪ್ರೀತಿ. ಸೋಮವಾರ ಮ್ಯಾನೇಜರಿಗೆ ನಿಜ ಹೇಳಿ ಫಲಕ ತೆಗೆಸಬೇಕೆಂದು ಹೊರಟ. ಅವರು ಗಡಿಯಾರ ನೋಡಿ ತಲೆ ಎತ್ತಿದಾಗ, "ಹವಾ ಚೆನ್ನಾಗಿದೆ ಸರ್" ಎಂದು ಹೇಳಿ ಬಂದ. ಮರುದಿನ ಅಕ್ಕನ ಮಂಡಿ ವಾಸಿಯಾಗಲೆಂದು ಪ್ರಾರ್ಥಿಸಿದ. ಹಾಗಾದರೆ ಯಾರಿಗೂ ತೊಂದರೆಯಿಲ್ಲ. ಆ ಮೇಲೆ ಮೇಲಿನ ನಲ್ಲಿಗಳಲ್ಲಿ ತಾನಾಗಿ ನೀರು ಬರಲೆಂದು ಪ್ರಾರ್ಥಿಸಿದ. ಸಮುದ್ರವನ್ನು ಸೀಳಿದವನಿಗೆ ಒಂದು ಪೈಪು ಯಾವ ಮಹಾ ಕೆಲಸ ಎಂದು ದೇವರನ್ನು ಸ್ವಲ್ಪ ಗದರಿಸಿಯೂ ನೋಡಿದ. ನಲ್ಲಿ ಗೊರಗೊರ ಅಂದಿತು, ನೀರು ಬರಲಿಲ್ಲ.

ಗುರುವಾರ ಮಧ್ಯಾಹ್ನ ಲಿಫ್ಟಿನಲ್ಲಿ ಯಾರೂ ಇಲ್ಲದಾಗ ಅವನು ಎದ್ದು ನಿಂತು ತನ್ನ ಸ್ಟೂಲನ್ನೇ ದಿಟ್ಟಿಸಿದ. ಕಾನೂನು ಮುರಿದರೆ ಹೋಗುವುದು ಇದು. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ಶ್ರೀಮಂತ ಯುವಕ ಹೊಲ, ಮನೆ, ಒಡವೆ ಎಲ್ಲ ಇದ್ದು ಬಿಡಲಾರದೆ ಹೋದ. ತನ್ನದು ಒಂದು ಚದರಡಿ ಮರ, ಮೇಲೊಂದು ಹಳೆ ಕೋಟಿನ ಮೆತ್ತೆ. ಅದನ್ನು ಬಿಡಲಾರದೆ ಮೇಲಪ್ಪನ ಮುಖ ಆ ಯುವಕನಿಗಿಂತ ಹೆಚ್ಚು ಸಪ್ಪಗಾಗಿತ್ತು. ಲಿಫ್ಟಿನ ಕನ್ನಡಿಯಲ್ಲಿ ಅವನೇ ನೋಡಿಕೊಂಡ. "ಅವನಾದರೂ ಕುದುರೆ ಮೇಲೆ ಹೋಗಿರಬೇಕು" ಎಂದುಕೊಂಡ.

ಶುಕ್ರವಾರ ಒಂಬತ್ತು ಗಂಟೆ ಹೊಡೆದಾಗ ಅಕ್ಕ ಎರಡು ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಲು ಶುರುಮಾಡಿದಳು. ಲಿಫ್ಟಿನೊಳಗಿಂದ ಮೇಲಪ್ಪ ಮಂಡಿಗಳ ಸದ್ದನ್ನು ಎಣಿಸಿದ. ಎರಡನೇ ಮಹಡಿ ದಾಟುವಾಗ ದಡಾರ್ ಎಂದಿತು. ನೀರು ಮೆಟ್ಟಿಲ ಮೇಲಿಂದ ಜಲಪಾತದಂತೆ ಇಳಿದು ಲಿಫ್ಟಿನ ಮುಂದಕ್ಕೆ ಬಂತು, ಅದರ ಹಿಂದೆ ಗೋಡೆ ಹಿಡಿದುಕೊಂಡು ಅಕ್ಕ ಬಂದಳು. ಏಟೇನೂ ಆಗಿರಲಿಲ್ಲ. ಬಿದ್ದ ನೀರನ್ನು ಒರೆಸಿ, ಮತ್ತೆ ಬಕೆಟ್ಟು ತುಂಬಿಸಿಕೊಂಡು ಬಂದು, ಮೊದಲ ಮೆಟ್ಟಿಲ ಮೇಲೆ ನಿಂತು ಗಡಿಯಾರ ನೋಡಿದಾಗ ಒಂಬತ್ತು ಇಪ್ಪತ್ತಾರು. ಎಂಟನೇ ಮಹಡಿಗೆ ಅವಳಿಗೆ ಅರ್ಧ ಗಂಟೆ ಬೇಕು.

ಅದೇ ಗಳಿಗೆಗೆ ಸರಿಯಾಗಿ ದೊಡ್ಡ ಸಾಹೇಬರು ನಾಲ್ವರು ಅತಿಥಿಗಳೊಡನೆ ಒಳಗೆ ಬಂದು, ಲಿಫ್ಟು ಹೊಕ್ಕರು. ಒಟ್ಟು ಐದು. ಮೇಲಪ್ಪ ಹೊರಗೆ ನಿಂತು, ಬಾಗಿಲು ಹಿಡಿದು, ಅಭ್ಯಾಸಬಲದಿಂದ ತಲೆ ಎಣಿಸಿದ. ಲಿಫ್ಟು ಮೇಲೆ ಹೋಗಲು ಮೂರು ನಿಮಿಷ. ಇವರನ್ನು ಬಿಟ್ಟು, ಬಂದು, ಮತ್ತೆ ಹೋದರೆ ಒಂಬತ್ತೂವರೆ ದಾಟಿರುತ್ತದೆ. ಈಗಲೇ ಅಕ್ಕನನ್ನೂ ಸೇರಿಸಿದರೆ ಏಳಾಗುತ್ತದೆ. ಏಳಾದರೆ ಕೊನೆಗೆ ಹತ್ತಿದವರು ಇಳಿಯಬೇಕು. ಕೊನೆಗೆ ಹತ್ತುವವರು ಯಾರು?

ಮೂವತ್ತೊಂದು ವರ್ಷ, ಪ್ರತಿ ಸಲವೂ, ಎಲ್ಲರೂ ಒಳಗಾದ ಮೇಲೆ ಕೊನೆಗೆ ಹತ್ತುತ್ತಿದ್ದವನು ಅವನೇ. ವಕೀಲರನ್ನೂ ಪೊಲೀಸರನ್ನೂ ಭಾವನನ್ನೂ ಇಳಿಸುವ ಭರದಲ್ಲಿ ಈ ಸಣ್ಣ ಸಂಗತಿ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವನು ಮಾಡಿದ ಕಾನೂನು ಮೂವತ್ತೊಂದು ವರ್ಷ ಊರೆಲ್ಲ ತಿರುಗಿ ಈಗ ಅವನ ಎದೆಗೇ ಬೆರಳು ತೋರಿಸುತ್ತಿತ್ತು.

"ಯಾಕ್ರೀ, ಹೊರಡಲ್ವಾ?" ಎಂದರು ಸಾಹೇಬರು.

ಮೇಲಪ್ಪ ಮೆಟ್ಟಿಲ ಕಡೆ ತಿರುಗಿದ. "ಅಕ್ಕ, ಬನ್ನಿ" ಎಂದ.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅಕ್ಕ ಎಂದಿದ್ದ. ಅವನು ಯಾರನ್ನು ಕರೆಯುತ್ತಿದ್ದಾನೆ ಎಂದು ಅವಳು ತನ್ನ ಹಿಂದೆ ನೋಡಿದಳು.

"ನಿಮ್ಮನ್ನೇ. ಬೇಗ ಬನ್ನಿ, ಸ್ಟೂಲ್ ಮೇಲೆ ಕೂತ್ಕೊಳ್ಳಿ. ಒಂದು ಬಕೆಟ್ಟು ಕಾಲ ಹತ್ರ ಇಟ್ಕೊಳ್ಳಿ, ಇನ್ನೊಂದು ನನಗೆ ಕೊಡಿ."

"ಅಣ್ಣ, ರೂಲ್ಸು..."

"ಅದನ್ನ ಬರೆಸಿದ್ದು ನಾನೇ ಅಕ್ಕ. ನನ್ನ ಬೂಟು ನೆಂದಿತ್ತು ಅಂತ. ಆಮೇಲೆ ಬೈಯೋರಂತೆ, ಈಗ ಹತ್ತಿ."

ಅವನ ದೇಹ ಮೂವತ್ತೊಂದು ವರ್ಷ ಕೂತು ಕೂತು ಬೆಳೆದದ್ದು. ಅವನ ತೂಕಕ್ಕೆ ಅಕ್ಕನೂ ಒಂದು ಬಕೆಟ್ಟೂ ಸೇರಿ ಸರಿಹೋಯಿತು. ಅತಿಥಿಗಳು ಕಾಲು ಸರಿಸಿ ಜಾಗ ಮಾಡಿದರು. ಸಾಹೇಬರು ಹಿತ್ತಾಳೆಯ ಹಿಡಿಯನ್ನೂ ಮೇಲಪ್ಪನನ್ನೂ ನೋಡಿದರು.

"ನೀವಿಲ್ದೆ ಇದು ಹೋಗುತ್ತಾ? ಏನೋ ಮಣಿಕಟ್ಟಿನ ಹದ ಅಂತಿದ್ರಲ್ಲ."

ಮೇಲಪ್ಪನಿಗೆ ಸಿಂಹ ಬಂದಿದ್ದರೆ ಸುಲಭವಾಗಿತ್ತು. "ಹೋಗುತ್ತೆ ಸರ್" ಎಂದ. "ಬಲಕ್ಕೆ ತಿರುಗಿಸಿ ಹಿಡ್ಕೊಂಡ್ರೆ ಮೇಲೆ, ಬಿಟ್ರೆ ನಿಲ್ಲುತ್ತೆ. ಹದ ಗಿದ ಏನೂ ಇಲ್ಲ. ಹಿಡಿಗೆ ಬೆಕ್ಕು ಜೋತುಬಿದ್ದರೂ ಹೋಗುತ್ತೆ."

ತಾನೇ ಬಾಗಿಲು ಎಳೆದ, ಹೊರಗಿನಿಂದ. ಲಿಫ್ಟು ಒಂದು ಸಲ ತೊನೆದು, ಅವನಿಲ್ಲದೆ, ಯಾವ ಬೇಸರವೂ ಇಲ್ಲದೆ, ಎಂದಿಗಿಂತ ನಯವಾಗಿ ಮೇಲೆ ಹೋಯಿತು.

ಉಳಿದದ್ದು ಮೇಲಪ್ಪ, ಒಂದು ಬಕೆಟ್ಟು ನೀರು, ನೂರ ಅರವತ್ತು ಮೆಟ್ಟಿಲು. ಈ ಕಟ್ಟಡದ ಮೆಟ್ಟಿಲನ್ನು ಅವನು ಒಂದು ಸಲವೂ ಹತ್ತಿರಲಿಲ್ಲ. ಮೊದಲ ಮಹಡಿಗೆ ಹಾಡು ಗುನುಗುತ್ತ ಹೋದ. ಎರಡನೆಯದಕ್ಕೆ ಹಾಡು ನಿಂತಿತು. ಮೂರನೆಯದರಲ್ಲಿ ತನ್ನ ಪಾಪಗಳನ್ನೆಲ್ಲ ಒಪ್ಪಿಕೊಂಡ, ನಾಲ್ಕನೆಯದರಲ್ಲಿ ಅವು ಮುಗಿದುಹೋಗಿ ಭಾವನ ಪಾಪಗಳನ್ನು ಒಪ್ಪಿಕೊಳ್ಳತೊಡಗಿದ. ಬಕೆಟ್ಟಿನ ಹಿಡಿ ಬೆರಳನ್ನು ಎರಡು ತುಂಡು ಮಾಡುತ್ತಿತ್ತು. ನೀರು ತುಳುಕಿ ಎರಡೂ ಬೂಟು ತುಂಬಿದವು. ಅರ್ಜಿ ಬರೆಯಲು ಯಾರೂ ಇರಲಿಲ್ಲ. ಐದನೇ ಮಹಡಿಯಲ್ಲಿ ಅವನ ಮಂಡಿಯೂ ಮಾತಾಡಿತು. ಕೆಳಗೆ ಬೆಕ್ಕು ಎದ್ದು ಕೂತಿರಬೇಕು.

ಆರನೇ ಮಹಡಿಯ ತಿರುವಿನಲ್ಲಿ, ಕಿಟಕಿಯ ಕೆಳಗೆ, ಬೋರಲು ಹಾಕಿದ ತಗಡಿನ ಡಬ್ಬವೊಂದಿತ್ತು. ಬಣ್ಣದ ಡಬ್ಬ, ಹಳೆಯದು. ಅದರ ಮೇಲೆ ಒರೆಸುವ ಬಟ್ಟೆಯೊಂದನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು. ಮಡಿಕೆಯ ನಡುವೆ ಯಾರೋ ದಿನವೂ ಕೂತ ಗುಳಿ ಬಿದ್ದಿತ್ತು. ಅದು ಯಾರ ಸ್ಟೂಲು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಅದರ ಮೇಲೆ ಕೂತ. ಗೋಡೆಯ ಆಚೆ ಲಿಫ್ಟಿನ ಹಗ್ಗಗಳು ಸರಸರ ಓಡುವುದು ಅಲ್ಲಿಗೆ ಚೆನ್ನಾಗಿ ಕೇಳುತ್ತಿತ್ತು. ಹತ್ತೊಂಬತ್ತು ವರ್ಷ ಅವಳು ಇಲ್ಲಿ ಕೂತು, ಅವನು ಖಾಲಿ ಲಿಫ್ಟಿನಲ್ಲಿ ಮೇಲೆ ಕೆಳಗೆ ಹೋಗುವುದನ್ನು ಕೇಳಿಸಿಕೊಂಡಿದ್ದಳು. ಮೇಲಪ್ಪ ಅಲ್ಲಿ ಎಷ್ಟು ಹೊತ್ತು ಕೂತಿದ್ದನೋ, ಎದ್ದಾಗ ಕಣ್ಣನ್ನು ಒರೆಸಿಕೊಂಡದ್ದು ಆ ನೆಲ ಒರೆಸುವ ಬಟ್ಟೆಯಲ್ಲೇ. ಅದರಿಂದ ಮುಖಕ್ಕೆ ಕೊಳೆಯ ಮೀಸೆಯೊಂದು ಹೆಚ್ಚಾಯಿತು.

ಎಂಟನೇ ಮಹಡಿ ತಲುಪುವಾಗ ಬಕೆಟ್ಟಿನಲ್ಲಿ ಅರ್ಧ ನೀರಿತ್ತು, ಮೇಲಪ್ಪನಲ್ಲಿ ಅಷ್ಟೂ ಇರಲಿಲ್ಲ. ಅಕ್ಕ ಮೊಗಸಾಲೆಯ ಅರ್ಧ ಒರೆಸಿ ಮುಗಿಸಿದ್ದಳು. ಅವಳು ಬಂದದ್ದು ಒಂಬತ್ತು ಇಪ್ಪತ್ತೊಂಬತ್ತಕ್ಕೆ. ಮ್ಯಾನೇಜರ್ ಗಡಿಯಾರವನ್ನು ಕಿವಿಗಿಟ್ಟು ಅಲ್ಲಾಡಿಸಿ ನೋಡಿ, ಪುಸ್ತಕದಲ್ಲಿ ಸರಿ ಎಂದು ಗುರುತು ಹಾಕಿದ್ದರು. ದೊಡ್ಡ ಸಾಹೇಬರು ಮಾತ್ರ ಅಲ್ಲಿರಲಿಲ್ಲ. ಅವರು ಹಿಡಿ ತಿರುಗಿಸುವುದರಲ್ಲಿ ಹೊಸ ಸುಖ ಕಂಡು, ಅತಿಥಿಗಳನ್ನು ಇಳಿಸಿದ ಮೇಲೂ ಎರಡು ಸಲ ಒಬ್ಬರೇ ಕೆಳಗೆ ಹೋಗಿ ಮೇಲೆ ಬಂದರು. ಮೂರನೇ ಸಲ ಬಾಗಿಲು ತೆರೆದು, ಏದುಸಿರು ಬಿಡುತ್ತಿದ್ದ ಮೇಲಪ್ಪನನ್ನು ಕಂಡು, ಮ್ಯಾನೇಜರ್ ಕಡೆ ತಿರುಗಿ ಪ್ರೀತಿಯಿಂದಲೇ ಕೇಳಿದರು:

"ಅಲ್ರೀ, ಇಷ್ಟಕ್ಕೆ ಮೂವತ್ತೊಂದು ವರ್ಷ ಒಬ್ಬ ಮನುಷ್ಯ ಬೇಕಿತ್ತಾ?"

ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಲಿಫ್ಟಿಗೆ ಮನುಷ್ಯ ಬೇಡ ಎಂದು ಆಜ್ಞೆಯಾಯಿತು. ನಿವೃತ್ತಿಯವರೆಗಿನ ಸಮಯಕ್ಕೆ ಮೇಲಪ್ಪನನ್ನು ನೆಲ ಒರೆಸುವ ಕೆಲಸಕ್ಕೆ, ಅಕ್ಕನ ಕೈಕೆಳಗೆ ಹಾಕಿದರು. ತ್ಯಾಗ ಮಾಡಿದವರಿಗೆ ಕಿರೀಟ ಸಿಗುತ್ತದೆ ಎಂದು ಕಾದಿದ್ದವನಿಗೆ ಸಿಕ್ಕಿದ್ದು ಉದ್ದ ಕೋಲಿಗೆ ಕಟ್ಟಿದ ಬಟ್ಟೆ. ಹೆಂಡತಿಗೆ ಹೇಳಿದಾಗ ಅವಳು ಅತ್ತಳೋ ನಕ್ಕಳೋ ಗೊತ್ತಾಗದಂತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ, "ಹಾಗಾದ್ರೆ ಮನೇಲೂ ಸ್ವಲ್ಪ ಅಭ್ಯಾಸ ಮಾಡ್ಕೊಳ್ಳಿ" ಎಂದಳು.

ಅವನು ಮೊದಲು ಮಾಡಿದ ಕೆಲಸವೆಂದರೆ ತಗಡಿನ ಫಲಕದ ನಾಲ್ಕು ಮೊಳೆ ಕಿತ್ತದ್ದು. ಅಕ್ಕ ಅದನ್ನು ತಿರುವಿ ನೋಡಿ, ಒಂದು ಅಂಚನ್ನು ಕಾಲಲ್ಲಿ ಮೆಟ್ಟಿ ಬಗ್ಗಿಸಿ, ಕಸ ಎತ್ತುವ ಮೊರ ಮಾಡಿಕೊಂಡಳು. ಬೈಗುಳಕ್ಕೆ ಮೇಲಪ್ಪ ಕಾದ. ಹತ್ತೊಂಬತ್ತು ವರ್ಷದ ಬಾಕಿ ಎಂದು ಕಿವಿ ತೆರೆದುಕೊಂಡೇ ನಿಂತ.

"ಬೂಟು ಯಾವ ಬಣ್ಣದ್ದು?" ಎಂದಳು ಅಕ್ಕ.

"ಕಪ್ಪು."

"ಕಪ್ಪು ಬೂಟಿಗೆ ನೀರು ಬಿದ್ರೆ ಒರೆಸಿದ್ರೆ ಹೋಗುತ್ತೆ ಅಣ್ಣ" ಎಂದಳು. ಅಷ್ಟೇ. ಅವನಿಗೆ ನಾಲ್ಕು ಪುಟ ಬೈದಿದ್ದರೆ ಹಗುರವಾಗುತ್ತಿತ್ತು.

ಈಗ ಬೆಳಿಗ್ಗೆ ಅವರಿಬ್ಬರೂ ಬಕೆಟ್ಟುಗಳ ಜೊತೆ ಲಿಫ್ಟಿನಲ್ಲಿ ಮೇಲೆ ಹೋಗುತ್ತಾರೆ. ಹಿಡಿ ತಿರುಗಿಸುವವಳು ಅಕ್ಕ; ಕಣ್ಣು ಮುಚ್ಚುವುದಿಲ್ಲ, ಉಸಿರು ಬಿಗಿ ಹಿಡಿಯುವುದಿಲ್ಲ. ಮೊದಲ ದಿನ ಎಂಟನೇ ಮಹಡಿಯಲ್ಲಿ ಮೇಲಪ್ಪ ಬಟ್ಟೆ ಹಿಂಡಿದ ರೀತಿಗೆ ಅರ್ಧ ನೀರು ಅವನ ಅಂಗಿಯೊಳಗೆ ಹೋಯಿತು. ಅವಳು ಹಿಂಡುವುದು ತೋರಿಸಿಕೊಟ್ಟಳು. ಆಮೇಲೆ ಅವನು ತನ್ನ ಕಡೆಯಿಂದ ಉಪಾಯವೊಂದನ್ನು ಹೇಳಿದ.

"ಮೆಟ್ಟಿಲು ಕೆಳಗಿಂದ ಶುರು ಮಾಡೋಣ ಅಕ್ಕ. ಮೇಲೆ ಹೋಗ್ತಾ ಹೋಗ್ತಾ..."

"ಮೇಲಕ್ಕೆ ಅಂದ್ರೆ ಸಾಕು ನಿಮಗೆ. ಕೆಳಗಿಂದ ಒರೆಸ್ಕೊಂಡು ಹೋದ್ರೆ ಮೇಲಿನ ಕೊಳೆಯೆಲ್ಲ ಒರೆಸಿದ್ದರ ಮೇಲೆ ಬೀಳಲ್ವಾ? ಮೇಲಿಂದ ಇಳೀಬೇಕು." ಅವಳು ಬಟ್ಟೆ ಅದ್ದಿದಳು. "ಪ್ರಾರ್ಥನೇಲೂ ಹಾಗೇ ತಾನೇ ಕೇಳ್ಕೊಳ್ಳೋದು? ದೇವರ ರಾಜ್ಯ ಇಲ್ಲಿಗೆ ಬರಲಿ ಅಂತ. ನಾವು ಏಣಿ ಹಾಕ್ಕೊಂಡು ಹತ್ತುತ್ತೀವಿ ಅಂತ ಅಲ್ವಲ್ಲ. ಸರಿ, ನಾನು ಒರೆಸಿದ ಕಡೆ ಕಾಲಿಡ್ಬೇಡಿ. ಗೋಡೆ ಪಕ್ಕ, ನನ್ನ ಹಿಂದೇನೇ ಬನ್ನಿ."

ಹಿಂದೆ ಬಾ ಎನ್ನುವ ಮಾತಿಗೆ ಮೇಲಪ್ಪ ಅದೆಷ್ಟು ಭಾನುವಾರ ಕೈ ಎತ್ತಿದ್ದನೋ. ಆ ಮಾತು ಬಂದಾಗ ಗುಡುಗು, ಮಿಂಚು, ಕನಿಷ್ಠ ಒಂದು ಮೊಸಳೆಯಾದರೂ ಇರುತ್ತದೆ ಎಂದುಕೊಂಡಿದ್ದ. ಯಾರನ್ನು ಕರೆದಳೋ ಎಂದು ತನ್ನ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಬಕೆಟ್ಟು ಎತ್ತಿಕೊಂಡು ಹೋದ.

ಆ ಭಾನುವಾರ ಪಾದ್ರಿಗಳು ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಮೂರನೇ ಬೆಂಚಿನಿಂದ ಕೈ ಏಳಲಿಲ್ಲ.

"ಏನ್ರೀ, ಈ ವಾರ ಹೋಗಲ್ವಾ?" ಎಂದು ಹೆಂಡತಿ ಪಿಸುಗುಟ್ಟಿದಳು.

"ತೋಳು ಏಳ್ತಿಲ್ಲ ಕಣೇ" ಎಂದ. "ಒರೆಸಿ ಒರೆಸಿ ಹಿಡ್ಕೊಂಡಿದೆ."

ಸ್ಟೂಲನ್ನು ಅವನು ಲಿಫ್ಟಿನಿಂದ ತೆಗೆದು ಆರನೇ ಮಹಡಿಯ ತಿರುವಿಗೆ ಒಯ್ದಿಟ್ಟಿದ್ದಾನೆ, ತಗಡಿನ ಡಬ್ಬದ ಪಕ್ಕ. ಇಳಿಯುವಾಗ ಅಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಳ್ಳುತ್ತಾರೆ. ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ ಅಕ್ಕ ಒಂದು ಕಾನೂನು ಮಾಡಿದ್ದಾಳೆ: ಕೊನೆಗೆ ಬಂದವರಿಗೆ ಡಬ್ಬ. ಮಂಡಿ ಅವಳದೇ ಹೆಚ್ಚು ಕೆಟ್ಟಿದ್ದರೂ, ಹೊಟ್ಟೆ ಹೊತ್ತುಕೊಂಡು ಗೋಡೆ ಹಿಡಿದು ಇಳಿಯುವ ಮೇಲಪ್ಪ ಬರುವಷ್ಟರಲ್ಲಿ ಅವಳು ಮೆತ್ತೆಯ ಮೇಲೆ ಕೂತು ಕಾಲು ನೀಡಿಯಾಗಿರುತ್ತದೆ. ಅವನು ಡಬ್ಬದ ಮೇಲೆ ಕೂರುತ್ತಾನೆ. ಅಕ್ಕ ಕೂತು ಕೂತು ಬಿದ್ದ ಆ ಗುಳಿಗೆ ಅವನ ಅಳತೆ ಇನ್ನೂ ಸರಿಯಾಗಿ ಕೂತಿಲ್ಲ.